ಇಪ್ಪತ್ತಮೂರನೆಯ ತಗ್ಗು

2025ರ ಮಾರ್ಚ್ 13, ಗುರುವಾರ, ಬೆಳಿಗ್ಗೆ 9 ಗಂಟೆ 40 ನಿಮಿಷ.

"ಕಿಟಕಿ ಗಾಜಿಗೆ ಒತ್ತಿ ಹಿಡಿ ತಮಾ, ಅಲುಗಾಡಿಸಬೇಡ," ಎಂದಳು ದಮಯಂತಿ ನಾಯಕ.

ಸಂಕೇತ ಎರಡು ಹಾಳೆಗಳನ್ನು ಒಂದರ ಮೇಲೊಂದಿಟ್ಟು ಗಾಜಿಗೆ ಒತ್ತಿದ. ಕಾರವಾರದ ಕೋಡಿಬಾಗದ ಆ ಮಾಳಿಗೆ ಕಚೇರಿಗೆ ಕಾಳಿ ನದಿಯ ಕಡೆಯಿಂದ ಧಾರಾಳ ಬೆಳಕು ಬರುತ್ತಿತ್ತು. ಮೇಜಿನ ಮೇಲೆ ಅವನ ಪುಸ್ತಕಗಳಿರಲಿಲ್ಲ. ಕುರ್ಚಿಯ ಕಾಲಿನ ಹತ್ತಿರ ಬ್ಯಾಗು ತುಂಬಿ ನಿಂತಿತ್ತು, ಚಹದ ಕಪ್ಪನ್ನೂ ಪತ್ರಿಕೆಯಲ್ಲಿ ಸುತ್ತಿಯಾಗಿತ್ತು.

ಸಮುದ್ರದ ನೀರು ಒಳಬರುವ ಭಾವಿಕೇರಿಯ ಗಜನಿ ಗದ್ದೆಯ ನೀರುಬಾಗಿಲಲ್ಲಿ ಇಳಿಬಿಟ್ಟ ಸೆನ್ಸರು ಜನವರಿಯಿಂದೀಚೆ ಇಪ್ಪತ್ತಮೂರು ಸಲ ಉಪ್ಪುನೀರನ್ನು ಸಿಹಿನೀರೆಂದು ಹೇಳಿತ್ತು. ಹಾಗೆ ಹೇಳಿಸಿದವನು ಅದನ್ನು ನೋಡಿಕೊಳ್ಳುವ ಸಂಶೋಧಕ ಸಂಕೇತನೇ ಎಂದು ಎರಡು ದೇಶಗಳ ಕಡತಗಳು ಹೇಳುತ್ತಿದ್ದವು.

ಸಂಶೋಧನೆಯ ಖರ್ಚನ್ನು ಅರ್ಧ ನಮ್ಮ ಸರ್ಕಾರ, ಅರ್ಧ ನೆದರ್ಲೆಂಡ್ಸ್ ಸರ್ಕಾರ ಕೊಡುತ್ತಿದ್ದವು. ಕೆಲಸ ಕಾಗದದ್ದಲ್ಲ, ಗದ್ದೆಯದು. ಸಮುದ್ರದ ಉಪ್ಪು ಯಾವ ಹೊತ್ತಿಗೆ ಎಷ್ಟು ಒಳಗೆ ಬರುತ್ತದೆಂದು ಅಳೆದು, ಬಾಗಿಲು ಯಾವಾಗ ಮುಚ್ಚಬೇಕು, ಯಾವ ಭತ್ತ ಬಿತ್ತಬೇಕು ಎಂದು ರೈತರ ಕೈಗೆ ಕೊಡಬೇಕು. ಸೆನ್ಸರಿನ ಅಂಕಿ ಹತ್ತು ನಿಮಿಷಕ್ಕೊಮ್ಮೆ ಎರಡೂ ದೇಶಗಳಿಗೆ ಹೋಗುತ್ತಿತ್ತು. ಒಬ್ಬರ ಲೆಕ್ಕವನ್ನು ಇನ್ನೊಬ್ಬರು ನೋಡಲೇಬೇಕು ಎಂಬುದು ಅನುದಾನದ ಮೊದಲ ಷರತ್ತು. ಹಾಗೆ ನೋಡಿದ ಮಾರಿತ್ ಎಂಬ ಡಚ್ ವಿಜ್ಞಾನಿ ಫೆಬ್ರವರಿ 21ರಂದು ಮೊದಲ ಪತ್ರ ಬರೆದಿದ್ದಳು: ಈ ಅಂಕಿಗಳು ನಂಬುವಂಥವಲ್ಲ.

ಇವತ್ತು ಮಧ್ಯಾಹ್ನ ಮೂರೂವರೆಗೆ ಜಂಟಿ ಸಮಿತಿಯ ಸಭೆ. ಕೃತಕ ಅಂಕಿ ಎಂದು ತೀರ್ಮಾನವಾದರೆ ಸಂಕೇತನ ಹೆಸರು ಎರಡೂ ಸರ್ಕಾರಗಳ ಪಟ್ಟಿಗೆ ಹೋಗುತ್ತದೆ. ಆ ಪಟ್ಟಿಯಲ್ಲಿರುವವನಿಗೆ ಯಾರೂ ಪ್ರಯೋಗಾಲಯದ ಬಾಗಿಲು ತೆಗೆಯುವುದಿಲ್ಲ. ಅವನಿಗೆ ಮೂವತ್ತೊಂದು ವರ್ಷ.

ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷ ರಸಾಯನ ವಿಭಾಗ ನೋಡಿಕೊಂಡ ದಮಯಂತಿಯನ್ನು ಸಮಿತಿಯೇ ಪರಿಶೀಲಕಿಯಾಗಿ ಕಳಿಸಿತ್ತು. ಅವಳು ಕನ್ನಡಕ ಮೇಲೆ ಸರಿಸಿ ಗಾಜಿನ ಹತ್ತಿರ ಮುಖ ತಂದಳು.

"ಕೆಳಗಿನದು ಯಾವ ವಾರ?"

"ಫೆಬ್ರವರಿ ಎರಡನೇ ವಾರ, ಮೇಡಂ. ಮೇಲಿನದು ತಿಂಗಳ ಕೊನೆ."

ಹಾಳೆಯಲ್ಲಿ ಸೆನ್ಸರಿನ ಗೆರೆ ಲೀಟರಿಗೆ ಇಪ್ಪತ್ತೊಂಬತ್ತು ಗ್ರಾಂ ಉಪ್ಪಿನ ಎತ್ತರದಲ್ಲಿ ನೆಟ್ಟಗೆ ಸಾಗಿ, ಒಮ್ಮೆಲೇ ತಳಕ್ಕೆ ಬಿದ್ದು, ನಾಲ್ಕೈದು ತಾಸಿನ ಮೇಲೆ ಮತ್ತೆ ಎದ್ದು ನಿಲ್ಲುತ್ತಿತ್ತು. ಮರುದಿನವೂ ಅದೇ. ಗಾಜಿನ ಬೆಳಕಲ್ಲಿ ಎರಡು ವಾರದ ತಗ್ಗುಗಳು ಒಂದರೊಳಗೊಂದು ಹೊಂದಿಕೊಂಡಿದ್ದವು.

"ಮೊದಲ ದಿನ ಹತ್ತೂ ಐವತ್ತು," ಎಂದಳು ದಮಯಂತಿ. "ಮರುದಿನ?"

"ಹನ್ನೊಂದೂವರೆ."

"ಅದರ ಮರುದಿನ?"

"ಹನ್ನೆರಡೂ ಇಪ್ಪತ್ತು." ಸಂಕೇತ ಹಾಳೆಯಿಂದ ಕಣ್ಣು ತೆಗೆದ. "ದಿನಾ ಮುಕ್ಕಾಲು ತಾಸು ತಡ."

"ಇಷ್ಟು ದಿನ ನಾನು ಕಳ್ಳನ ಮುಖ ಹುಡುಕಿದೆ. ಅವನ ಗಡಿಯಾರ ನೋಡಬೇಕಿತ್ತು. ಕಚೇರಿಗೆ ಹೋಗಿಬರುವವನು ದಿನಾ ಮುಕ್ಕಾಲು ತಾಸು ತಡ ಮಾಡ್ತಾ ಕದಿಯೋದಿಲ್ಲ. ಹಾಗೆ ತಡ ಮಾಡೋನು ಮೇಲೆ ಒಬ್ಬನೇ ಇದ್ದಾನೆ."

ಸಂಕೇತ ಹೇಳಿದ, "ಚಂದ್ರ. ಇದು ಭರತ-ಇಳಿತದ ಲೆಕ್ಕ."

"ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ದಿನಗಳು ಮಾತ್ರ. ಭರತ ತುಂಬಿ ಇಳಿಯೋಕೆ ಶುರುವಾದ ಹೊತ್ತು." ಅವಳು ಬ್ಯಾಗು ಹೆಗಲಿಗೆ ಹಾಕಿದಳು. "ನಾಳೆ ಹುಣ್ಣಿಮೆ. ಇವತ್ತು ಕಳ್ಳ ಹನ್ನೊಂದರ ಹೊತ್ತಿಗೆ ಬರ್ತಾನೆ. ಒಂದು ಲೋಟ ತಣ್ಣೀರು ಇದ್ರೆ ಕೊಡು, ಹೋಗೋಣ."

ಮೂಲೆಯಲ್ಲಿ ಫ್ರಿಜ್ಜು ಗುಂಯ್‌ಗುಡುತ್ತಿತ್ತು. ಬಾಗಿಲ ಮೇಲಿನ ಕೆಂಪು ಅಂಕಿ 4.1 ಎನ್ನುತ್ತಿತ್ತು. ಅಂಕಿ ಕಂಡಲ್ಲಿ ಓದುವುದು ದಮಯಂತಿಯ ಹಳೆಯ ಚಟ. ಈ ವಾರ ಯಾವಾಗ ನೋಡಿದರೂ ಅದು ಅಷ್ಟೇ ಇತ್ತು.

"ಅದರಲ್ಲಿ ಕುಡಿಯೋ ನೀರು ಇಡೋದಿಲ್ಲ ಮೇಡಂ. ಗದ್ದೆಯ ಮಾದರಿ ಬಾಟಲಿ, ತೊಳೆಯೋಕೆ ಡಿಸ್ಟಿಲ್ಡ್ ನೀರು, ಅಷ್ಟೇ. ಬೀಗ ಬೇರೆ. ಒಂದು ಕೀಲಿ ನನ್ನ ಹತ್ರ, ಇನ್ನೊಂದು ರಾಮನಾಥ ಸರ್ ಹತ್ರ." ಅವನು ಕೀಲಿಗೊಂಚಲು ತೋರಿಸಿದ. ಅದಕ್ಕೊಂದು ಹಿತ್ತಾಳೆಯ ಏಡಿ ಜೋತಾಡುತ್ತಿತ್ತು.

ರಾಮನಾಥರು ಈ ಸಂಶೋಧನೆಯ ಮುಖ್ಯಸ್ಥರು. ಮೊದಲ ದಿನ ದಮಯಂತಿಗೆ ಅವರೇ ಚಹ ತರಿಸಿ, ತಗ್ಗಿದ ಧ್ವನಿಯಲ್ಲಿ ಹೇಳಿದ್ದರು: "ಹುಡುಗ. ಒತ್ತಡದಲ್ಲಿ ಮಾಡಿರಬೇಕು. ಸದ್ದಿಲ್ಲದೆ ಬಿಟ್ಟುಬಿಡುವ ದಾರಿ ಇದ್ರೆ ನೋಡಿ."

"ಮಡಕೆ ನೀರೇ ಕೊಡು," ಎಂದಳು ದಮಯಂತಿ.

*

ಬಿಣಗಾ, ತೋಡೂರು, ಅವರ್ಸಾ ದಾಟಿ ಅಂಕೋಲೆಯ ತಿರುವಿಗೆ ಬರುವಷ್ಟರಲ್ಲಿ ಹತ್ತೂ ಮುಕ್ಕಾಲು. ಹೋಳಿಯ ಹಿಂದಿನ ದಿನ. ಭಾವಿಕೇರಿಯ ಒಳರಸ್ತೆಯಲ್ಲಿ ಸುಗ್ಗಿ ಕುಣಿತದವರ ಗುಮಟೆ ಸದ್ದು ಎಲ್ಲಿಂದಲೋ ಬರುತ್ತಿತ್ತು.

ಗಜನಿಯ ಒಡ್ಡಿನ ಮೇಲೆ ಮೊದಲು ಕಂಡವನು ಪುಂಡಲೀಕ. ಗಜನಿ ಒಕ್ಕಲುಗಳ ಸಂಘದ ಅಧ್ಯಕ್ಷ. ಬಿಳಿ ಅಂಗಿಯ ತೋಳು ಮಡಚಿ, ತಲೆಗೆ ಟವೆಲ್ ಹಾಕಿ ನಿಂತಿದ್ದ. ದಮಯಂತಿಯ ಮೂವರು ಅನುಮಾನಿತರಲ್ಲಿ ಸಂಕೇತ, ರಾಮನಾಥರ ಜೊತೆಗಿನ ಮೂರನೆಯವನು ಇವನೇ. ಈ ಬಾಗಿಲು ಉಪ್ಪು ತಡೆಯುತ್ತದೆಂದು ಸಾಬೀತಾದರೆ ಒಡೆದುಹೋದ ಇನ್ನೆರಡು ಬಾಗಿಲುಗಳೂ ಊರಿಗೆ ಬರುತ್ತವೆ ಎಂದು ಅವನು ವರ್ಷದಿಂದ ಹೇಳಿಕೊಂಡು ತಿರುಗುತ್ತಿದ್ದ.

"ಬಂದ್ಯಾ ತಂಗೀ," ಎಂದ. "ಅಂಕೋಲೆ ಹುಡುಗಿಯಾಗಿ ಅಂಕೋಲೆಯವರನ್ನೇ ಹಿಡಿಯೂಕೆ ಹೊರಟಿದ್ದಿ."

"ಹಿಡಿಯೋಕಲ್ಲ ಪುಂಡಲೀಕಣ್ಣ. ನೋಡೋಕೆ."

"ನೋಡು. ಮೂರು ಸಲ ನೋಡಿ ಆಯ್ತಲ್ಲ. ನಂಗೆ ಮಿಷನ್ನು ಮುಟ್ಟೂದೇ ಗೊತ್ತಿಲ್ಲ ಅಂದೆ, ನೀ ನಂಬೂದಿಲ್ಲ. ನಮ್ಮ ಮನೆಯವಳು ಟಿವಿ ರಿಮೋಟೂ ನನ್ನ ಕೈಗೆ ಕೊಡೂದಿಲ್ಲ, ಗೊತ್ತಿದ್ಯಾ?"

"ಹಾಗಾದ್ರೆ ಇಲ್ಲೇ ತೆಂಗಿನ ಬುಡದಲ್ಲಿ ನನ್ನ ಜೊತೆ ಕೂತ್ಕೊ. ಹನ್ನೊಂದರ ಹೊತ್ತಿಗೆ ಸೆನ್ಸರಿನ ಹತ್ತಿರ ಯಾರು ಹೋಗ್ತಾರೆ ಅಂತ ಇಬ್ಬರೂ ನೋಡೋಣ."

ಪುಂಡಲೀಕನ ಮುಖ ಸಣ್ಣದಾಯಿತು. "ಹನ್ನೊಂದಕ್ಕೆ ಬಲೆ ಕಟ್ಟುವವರು ಹೋಗ್ತಾರೆ. ಮತ್ಯಾರು ಹೋಗ್ತಾರೆ?"

"ಯಾರ ಬಲೆ?"

ಪುಂಡಲೀಕ ಟವೆಲ್ಲನ್ನು ತಲೆಯಿಂದ ತೆಗೆದು ಹೆಗಲಿಗೆ ಹಾಕಿದ, ಹೆಗಲಿಂದ ತೆಗೆದು ಕೈಗೆ ಸುತ್ತಿದ.

ಭರತ ತುಂಬಿ ನೀರು ಅಲುಗದೆ ನಿಂತಿತ್ತು. ಒಡ್ಡಿನ ನಡುವೆ ಊರವರು ಜಂತ್ರಡಿ ಎನ್ನುವ ಬಾಗಿಲು: ಎರಡು ಕಲ್ಲುಕಂಬ, ನಡುವೆ ಒಂದರ ಮೇಲೊಂದು ಜೋಡಿಸಿದ ಹಲಗೆಗಳು. ಹಲಗೆಯ ಪಕ್ಕದಲ್ಲೇ ನೈಲಾನ್ ಹಗ್ಗಕ್ಕೆ ಕಟ್ಟಿದ ಸೆನ್ಸರು ನೀರಿಗಿಳಿದಿತ್ತು. ಮೊಣಕೈ ಉದ್ದದ ಪ್ಲಾಸ್ಟಿಕ್ ಕೊಳವೆ, ತಲೆಯಲ್ಲಿ ಬ್ಯಾಟರಿ ಮತ್ತು ಸಿಮ್ಮು, ತುದಿಯಲ್ಲಿ ಉಪ್ಪು ಅಳೆಯುವ ಗುಂಡಿ.

ಹನ್ನೊಂದಕ್ಕೆ ಎರಡು ನಿಮಿಷ ಇರುವಾಗ ನೀರಿನ ಮೇಲಿದ್ದ ಒಂದು ಒಣ ತೆಂಗಿನ ಗರಿ ನಿಧಾನಕ್ಕೆ ಸಮುದ್ರದ ಕಡೆಗೆ ತಿರುಗಿತು. ಇಳಿತ.

ಒಡ್ಡಿನ ಆ ಕಡೆಯಿಂದ ಒಬ್ಬಳು ಮುದುಕಿ ಬಂದಳು. ಕಣ್ಣಿಗೆ ಆಸ್ಪತ್ರೆಯ ದಪ್ಪ ಕಪ್ಪು ಕನ್ನಡಕ, ಸೊಂಟದಲ್ಲಿ ತಾಮ್ರದ ಕೊಡ. ಹಿಂದೆ ಬಲೆ ಹೊತ್ತ ಅವಳ ಮಗ ಬೀರಾ. ಮುದುಕಿ ಕೊಡ ಕೆಳಗಿಟ್ಟಳು, ಕೂತಳು, ಹಗ್ಗ ಹಿಡಿದು ಸೆನ್ಸರನ್ನು ಮೊಳ ಮೊಳವಾಗಿ ಎಳೆದಳು. ತುದಿಯ ಕೆಸರನ್ನು ಸೆರಗಿನಿಂದ ಒರೆಸಿದಳು. ಆಮೇಲೆ ಅದನ್ನು ಕೊಡದೊಳಗೆ ಇಳಿಸಿ ಎದ್ದುನಿಂತಳು.

ಸಂಕೇತನ ಕೈಯಲ್ಲಿದ್ದ ಫೋನಿನ ಪರದೆಯಲ್ಲಿ ಇಪ್ಪತ್ತೊಂಬತ್ತಿದ್ದ ಅಂಕಿ ಮುಂದಿನ ಸರದಿಗೆ 0.4ಕ್ಕೆ ಬಿತ್ತು.

"ಹೊನ್ನಜ್ಜಿ," ಎಂದ ಅವನು, ಯಾರಿಗೂ ಕೇಳದಷ್ಟು ಮೆಲ್ಲಗೆ.

*

ಹೊನ್ನುವಿನ ಮನೆ ಒಡ್ಡಿನಿಂದ ಇನ್ನೂರು ಹೆಜ್ಜೆ. ದಮಯಂತಿ ಹಿಂದೆಯೇ ಹೋದಳು. ಪುಂಡಲೀಕ ಅಡ್ಡ ಬಂದ.

"ತಂಗೀ, ಅವಳ ಹೆಸರು ಬರೀಬೇಡ. ಬೇಕಾದ್ರೆ ನನ್ನ ಹೆಸರು ಬರಿ. ಅಧ್ಯಕ್ಷ ನಾನು."

"ನಿಂಗೆ ಗೊತ್ತಿತ್ತು."

"ಬಲೆ ಹೊತ್ತಿಗೆ ಅವಳು ಅದನ್ನ ಎತ್ತೂದು ನೋಡಿದ್ದೆ. ಅದ್ರಿಂದ ಇಷ್ಟು ರಾಮಾಯಣ ಆಗ್ತದೆ ಅಂತ ನನಗೇನು ಗೊತ್ತು? ನೀ ಬಂದು ಕಳ್ಳ ಕಳ್ಳ ಅಂದ ಮೇಲೆ ಹೆದ್ರಿಕೆ ಆಯ್ತು. ಬಡವ್ರ ಮನೆ. ಪೋಲೀಸು ಗೀಲೀಸು ಬಂದ್ರೆ?"

"ಮೂರು ಸಲ ಕೇಳಿದೆ, ಮೂರು ಸಲ ಸುಳ್ಳು ಹೇಳಿದೆ."

"ಮಿಷನ್ನು ಮುಟ್ಟೂಕೆ ಬರೂದಿಲ್ಲ ಅಂದೆ. ಅದು ಖರೆ."

ಜಗಲಿಯ ಮೇಲೆ ಹೊನ್ನು ಕೊಡ ಇಳಿಸಿ, ಬಾಯಿಗೆ ಸ್ಟೀಲಿನ ತಟ್ಟೆ ಮುಚ್ಚಿ, ಎಲೆಯಡಿಕೆ ಚೀಲ ಬಿಚ್ಚಿ ಕೂತಿದ್ದಳು. ಮಕ್ಕಳು ಮಲಗಿರುವ ಕೋಣೆಗೆ ಬರುವಂತೆ ದಮಯಂತಿ ಒಳಗೆ ಬಂದಳು. ಯಾಕೋ ಜೋರಾಗಿ ಮಾತಾಡುವ ಮನಸ್ಸಾಗಲಿಲ್ಲ.

"ಹೊನ್ನಮ್ಮ, ಇದನ್ನ ಇಲ್ಲಿಗೆ ಯಾಕೆ ತಂದ್ರಿ?"

"ಯಾವ್ದು ಅಕ್ಕೋರೆ, ಮಿಷನ್ನಾ? ಬಲೆ ಕಟ್ಟೂಕೆ ಹಲಗಿ ಎತ್ತಬೇಕು. ಹಲಗಿ ಬಡದ್ರೆ ಇದು ಚೂರು ಚೂರು. ಅದ್ಕೇ ಎತ್ಕಂಬತ್ತೆ."

"ಎತ್ತಿ ಒಡ್ಡಿನ ಮೇಲೆ ಇಡಬಹುದಿತ್ತು."

"ಬಿಸಲಲ್ಲಿ?" ಹೊನ್ನು ಸಂಕೇತನ ಕಡೆ ಕತ್ತು ತಿರುಗಿಸಿದಳು. "ಇದ್ರ ತುದಿ ಒಣಗ್ರೆ ಸತ್ತೋಗ್ತದೆ ಅಂದಿದ್ದಿ ಅಲ್ವಾ ತಮಾ? ಯಾವಾಗ್ಲೂ ನೀರಲ್ಲೇ ಇರಬೇಕು ಅಂದಿದ್ದಿ. ಮರ್ತ್ಯಾ?"

ಸಂಕೇತ ಮರೆತಿರಲಿಲ್ಲ. ಜನವರಿಯ ಮೊದಲ ದಿನ ಬಾಗಿಲ ಹತ್ತಿರ ನಿಂತು ಅದನ್ನೇ ಹೇಳಿದ್ದ. ನೀರಿನಿಂದ ತೆಗೆಯಬೇಡಿ ಎಂದು ಹೇಳುವುದು ಬೇಕೆಂದು ಅವನಿಗೆ ಹೊಳೆದಿರಲಿಲ್ಲ.

"ನೀರಲ್ಲಿ ಇಡಬೇಕು, ಸರಿ," ಎಂದಳು ದಮಯಂತಿ. "ಗಜನಿ ನೀರೇ ಒಂದು ಬಕೆಟ್ ತುಂಬಿ ಅದರಲ್ಲಿ ಇಡಬಹುದಿತ್ತಲ್ಲ?"

ಹೊನ್ನು ಕಪ್ಪು ಕನ್ನಡಕದ ಮೇಲಿಂದ ಅವಳನ್ನು ನೋಡಿದಳು. ಓದಿದವಳು ಇಷ್ಟೂ ತಿಳಿಯದವಳೇ ಎನ್ನುವ ನೋಟ.

"ಮನಿಗೆ ಬಂದವ್ಕೆ ಉಪ್ಪನೀರ್ ಕೊಡೂದೇ ಅಕ್ಕೋರೆ? ಬಾವಿ ನೀರು. ಪ್ರತಿ ಸಲ ಹೊಸದು. ನಿನ್ನೆ ನೀರು ನಾವೂ ಕುಡಿಯೂದಿಲ್ಲ, ಇದ್ಕೂ ಕೊಡೂದಿಲ್ಲ."

ಪುಂಡಲೀಕ ಕೆಮ್ಮಿದ. ಅದು ಕೆಮ್ಮಲ್ಲ, ನಗೆ ಎಂದು ಎಲ್ಲರಿಗೂ ಗೊತ್ತಾಯಿತು.

ದಮಯಂತಿ ನಗಲಿಲ್ಲ. ಒಳಗೆಲ್ಲೋ ಏಳು ದಿನದಿಂದ ಬಿಗಿದಿದ್ದ ಗಂಟೊಂದು ಸಡಿಲಾಗುತ್ತಿತ್ತು. ಸೆನ್ಸರು ಒಂದು ಸಲವೂ ತಪ್ಪಿರಲಿಲ್ಲ. ಕೊಡದಲ್ಲಿದ್ದಾಗ ಅದು ಕೊಡದ ನೀರನ್ನೇ ಅಳೆದು, ಅದನ್ನೇ ಎರಡು ದೇಶಗಳಿಗೆ ಹೇಳಿತ್ತು. ಕೇಳುವವರು ಮಾತ್ರ ಅದು ಇನ್ನೂ ಗದ್ದೆಯಲ್ಲೇ ಇದೆ ಎಂದುಕೊಂಡಿದ್ದರು.

"ಮೊದಲೇ ಯಾಕೆ ಹೇಳಲಿಲ್ಲ ಹೊನ್ನಜ್ಜಿ?" ಎಂದು ಕೇಳಿದ ಸಂಕೇತ.

"ಯಾರ್ ಕೇಳ್ದವ್ರು? ನೀ ಬರೂದು ಶನಿವಾರ ಬೆಳಗ್ಗೆ ಎಂಟಕ್ಕೆ. ಭರತಕ್ಕೆ ಶನಿವಾರ ಅಂತ ಇದ್ಯಾ? ನೀ ಬಂದಾಗ ಅದು ನೀರಲ್ಲೇ ಇರ್ತದೆ. ಚಲೋ ಇದೆ ಅಂತಿ, ಫೋಟೊ ತೆಗಿತಿ, ಹೋತಿ." ಅವಳು ಎಲೆಗೆ ಸುಣ್ಣ ಸವರಿದಳು. "ಆದ್ರೂ ನಾ ಲೆಕ್ಕ ಇಟ್ಟಿದ್ದೆ. ನಾಳೆ ಏನಾರೂ ಕೇಳ್ದ್ರೆ ಹೇಳೂಕೆ ಬೇಕಲ್ಲ."

ಅವಳು ಬೆರಳು ತೋರಿಸಿದ ಕಡೆ, ಬಾಗಿಲ ಚೌಕಟ್ಟಿನ ಪಕ್ಕದ ಮಣ್ಣುಗೋಡೆಯ ಮೇಲೆ, ಸುಣ್ಣದ ಗೀಟುಗಳು ಸಾಲಾಗಿದ್ದವು. ಮಿಷನ್ನಿಗೆ ನೀರು ಕೊಟ್ಟ ದಿನಕ್ಕೊಂದು.

ದಮಯಂತಿ ಎದ್ದು ಹೋಗಿ ಎಣಿಸಿದಳು. ಐದೈದರಂತೆ ನಾಲ್ಕು ಕಟ್ಟು, ಮೇಲೆ ಮೂರು. ಮತ್ತೊಮ್ಮೆ ಎಣಿಸಿದಳು. ಇಪ್ಪತ್ತಮೂರು. ಅವಳ ಬ್ಯಾಗಿನಲ್ಲಿದ್ದ ಕಡತದಲ್ಲೂ, ಜನವರಿಯಿಂದ ಮಾರ್ಚ್ ಐದರವರೆಗೆ, ತಗ್ಗುಗಳು ಇಪ್ಪತ್ತಮೂರು.

ಅವಳ ಕೆಲಸದಲ್ಲಿ ಎರಡು ಬೇರೆ ಬೇರೆ ಕೈಗಳ ಲೆಕ್ಕ ಹೀಗೆ ಕೂಡಿಬರುವುದು ಅಪರೂಪ. ಹೊನ್ನುವಿನ ಹತ್ತಿರ ಬಂದು, ಅವಳ ಸುಣ್ಣದ ಬೆರಳನ್ನು ಹಿಡಿದುಕೊಂಡು ಕೇಳಿದಳು:

"ಕಣ್ಣಿಗೆ ಏನಾಯ್ತು?"

"ಆಪರೇಶನ್ನು, ಶಿವರಾತ್ರಿಗೆ ಮುಂಚೆ. ಕಾರವಾರದಲ್ಲಿ. ಎಂಟು ದಿನ ಮಗಳು ಸುಬ್ಬಿ ಮನಿಲಿ ಇದ್ದೆ, ತೋಡೂರಲ್ಲಿ. ಅಷ್ಟಮಿ ನೋಡ್ಕಂಡೇ ಹೋದೆ, ಆಗ ನೀರು ಸಣ್ಣ, ಬಲೆ ಕಟ್ಟೂದಿಲ್ಲ. ಇಲ್ದಿದ್ರೆ ಇದ್ಕೆ ನೀರು ಕೊಡವ್ರು ಯಾರು?" ಅವಳು ತಟ್ಟೆ ಸರಿಸಿ ಕೊಡದೊಳಗೆ ಇಣುಕಿದಳು. "ಅಕ್ಕೋರೆ, ಈ ತಮನ ಕೆಲ್ಸ ಹೋಗ್ತದ್ಯಾ ನನ್ನಿಂದ?"

"ಇಲ್ಲ ಹೊನ್ನಮ್ಮ. ನಿಮ್ಮಿಂದ ಉಳಿತದೆ."

*

ಪರೀಕ್ಷೆ ಮಾಡದೆ ಬರೆಯುವವಳಲ್ಲ ದಮಯಂತಿ. ಬಾವಿಯಿಂದ ಮೂರು ಸಲ ಬೇರೆ ಬೇರೆ ನೀರು ಸೇದಿಸಿ, ಮೂರು ಸಲ ಸೆನ್ಸರು ಇಳಿಸಿ, ಮೂರು ಸಲ ಓದಿದಳು. 0.4, 0.4, 0.4. ಕಡತದ ತಗ್ಗುಗಳ ತಳವೂ ಬಹುಪಾಲು ಅಲ್ಲೇ ನಿಂತಿತ್ತು.

ಜಗಲಿಯ ಕಂಬಕ್ಕೆ ಒರಗಿ, ತೊಡೆಯ ಮೇಲೆ ಹಲಗೆಯಿಟ್ಟು, ಒಂದೇ ಪುಟದ ವರದಿ ಬರೆದಳು. ಅಂಕಿಗಳು ಕೃತಕವಲ್ಲ. ಸೆನ್ಸರನ್ನು ಮೀನಿನ ಬಲೆಯ ಹೊತ್ತಿನಲ್ಲಿ, ಅದನ್ನು ಕಾಪಾಡುವ ಉದ್ದೇಶದಿಂದ, ಬಾವಿ ನೀರಿಗೆ ಸ್ಥಳಾಂತರಿಸಲಾಗಿದೆ. ಸಾಕ್ಷಿ: ಹೊನ್ನು ಗೌಡ ಅವರು ಇಟ್ಟ ಲೆಕ್ಕ. ಇಪ್ಪತ್ತಮೂರಕ್ಕೆ ಇಪ್ಪತ್ತಮೂರು. ಸಂಶೋಧಕ ಸಂಕೇತ ಅವರ ಮೇಲೆ ಯಾವ ದೋಷವೂ ಕಂಡುಬರುವುದಿಲ್ಲ.

ಸಹಿ ಹಾಕಿ ಫೋಟೊ ತೆಗೆದು ಕಳಿಸುವಾಗ ಮೂರೂ ಇಪ್ಪತ್ತು.

ಮೂರೂವರೆಗೆ ಫೋನಿನ ಪರದೆಯಲ್ಲಿ ಐದು ಮುಖಗಳು ಕಂಡವು. ದೆಹಲಿಯ ಇಬ್ಬರು ಅಧಿಕಾರಿಗಳು, ಹೇಗ್‌ ನಗರದಿಂದ ಇಬ್ಬರು, ಮತ್ತು ಮಾರಿತ್. ಅಲ್ಲಿ ಇನ್ನೂ ಬೆಳಿಗ್ಗೆ ಹನ್ನೊಂದು. ಅವಳು ಉಣ್ಣೆಯ ಅಂಗಿ ತೊಟ್ಟು ಕೂತಿದ್ದಳು. ದಮಯಂತಿ ಇಂಗ್ಲಿಷಿನಲ್ಲಿ ನಡೆದದ್ದು ಹೇಳಿ, ಫೋನನ್ನು ಕೊಡದ ಕಡೆ ತಿರುಗಿಸಿದಳು, ಆಮೇಲೆ ಗೋಡೆಯ ಕಡೆ, ಆಮೇಲೆ ಹೊನ್ನುವಿನ ಕಡೆ.

ಮಾರಿತ್ ಹೇಳಿದಳು, "ಆ ಸೂಚನೆ ಬರೆದವಳು ನಾನೇ. ತುದಿ ಒಣಗಬಾರದು ಅಂತ ಎರಡು ಸಲ ಗೆರೆ ಎಳೆದಿದ್ದೆ. ಅದನ್ನು ಇಷ್ಟು ಶ್ರದ್ಧೆಯಿಂದ ಪಾಲಿಸಿದವರನ್ನು ನಾನು ಬೇರೆಲ್ಲೂ ನೋಡಿಲ್ಲ."

ದಮಯಂತಿ ಅದನ್ನು ಕನ್ನಡದಲ್ಲಿ ಹೇಳಿದಾಗ ಹೊನ್ನು ಪರದೆಯ ಹತ್ತಿರ ಬಾಗಿ ನೋಡಿದಳು. "ಚಳಿ ಊರು ಕಾಣ್ತದೆ ಪಾಪ," ಎಂದಳು.

ಸಮಿತಿಗೆ ಹದಿನೈದು ನಿಮಿಷ ಸಾಕಾಯಿತು. ಪಟ್ಟಿಗೆ ಯಾರ ಹೆಸರೂ ಹೋಗುವುದಿಲ್ಲ. ಎರಡನೇ ಹಂತ ನಿಲ್ಲುವುದಿಲ್ಲ. ಇನ್ನು ಮುಂದೆ ಬಲೆಯ ಹೊತ್ತುಗಳನ್ನು ಹೊನ್ನು ಗೌಡ ಅವರಿಂದ ಕೇಳಿ ದಾಖಲೆಗೆ ಸೇರಿಸತಕ್ಕದ್ದು. ದಾಖಲೆಗೆಂದು ಸೆನ್ಸರಿನ ಮೂಲ ಕಡತ ಪೂರ್ತಿ ಕಳಿಸುತ್ತೇನೆ, ನಿಮ್ಮ ಕಚೇರಿಯವರು ಕೊಟ್ಟಿದ್ದರಲ್ಲಿ ಉಪ್ಪಿನ ಕಾಲಂ ಮಾತ್ರ ಇತ್ತಲ್ಲ, ಎಂದು ಮಾರಿತ್ ಹೇಳಿ ಮರೆಯಾದಳು.

ಸಂಕೇತ ಜಗಲಿಯ ಅಂಚಿಗೆ ಹೋಗಿ, ಗಜನಿಯ ಕಡೆ ಮುಖ ಮಾಡಿ ನಿಂತ. ಹೆಗಲು ಎರಡು ಸಲ ಅಲುಗಿತು. ಯಾರೂ ಅವನ ಹತ್ತಿರ ಹೋಗಲಿಲ್ಲ. ಪುಂಡಲೀಕ ಮಾತ್ರ ಅಲ್ಲಿಂದಲೇ ಹೇಳಿದ, "ತಮಾ, ಅಳೂದಿದ್ರೆ ಬಾಗಿಲ ಹತ್ರ ಅಳಬೇಡ. ಉಪ್ಪು ಹೆಚ್ಚಾದ್ರೆ ಮತ್ತೆ ತನಿಖೆ ಆಗ್ತದೆ."

ಅವನು ತಿರುಗಿದಾಗ ನಗುತ್ತಿದ್ದ.

ಅಷ್ಟರಲ್ಲಿ ರಾಮನಾಥರ ಫೋನು. "ನಾನು ಮೊದಲೇ ಹೇಳಿದ್ದೆನಲ್ಲ ದಮಯಂತಿಯವರೇ, ನಮ್ಮ ಹುಡುಗ ಅಂಥವನಲ್ಲ ಅಂತ." ಅವರು ಹೇಳಿದ್ದು ಬೇರೆಯೇ ಆಗಿತ್ತು. ಆದರೆ ಒಳ್ಳೆಯ ದಿನ ಅದನ್ನೆಲ್ಲ ಎತ್ತಿ ಆಡುವವರು ಯಾರು ಎಂದು ದಮಯಂತಿ ಸುಮ್ಮನಾದಳು.

ಬೀರಾ ಬಲೆಯಿಂದ ಮೊದಲ ಬುಟ್ಟಿ ಶೆಟ್ಲಿ ಎನ್ನುವ ಸೀಗಡಿ ತಂದ. ಹೊನ್ನುವಿನ ಸೊಸೆ ನಾಗಶ್ರೀ ಅದನ್ನು ಕಾಯಿ ಹಾಕಿ ಮಾಡಿ, ಕುಚ್ಚಲಕ್ಕಿ ಗಂಜಿಯ ಜೊತೆ ಬಡಿಸಿದಳು. ವಾರದಿಂದ ಸರಿಯಾಗಿ ಉಣ್ಣದ ಸಂಕೇತ ಮೂರನೇ ಸಲ ಬಡಿಸಿಕೊಂಡ. ಗುಮಟೆಯ ಸದ್ದು ಹತ್ತಿರದ ಕೇರಿಗೆ ಬಂದಿತ್ತು.

ದಮಯಂತಿ ಕೈ ತೊಳೆದು ಬಂದು ಚೌಕಟ್ಟಿಗೆ ಹೆಗಲು ಕೊಟ್ಟು ನಿಂತಳು. ಹೊಟ್ಟೆ ತುಂಬಿತ್ತು, ಮನಸ್ಸು ಹಗುರಾಗಿತ್ತು. ಕಣ್ಣು ಸುಮ್ಮನೆ ಆ ಗೀಟುಗಳ ಮೇಲೆ ಹೋಯಿತು. ನಾಲ್ಕು ಕಟ್ಟು, ಮೇಲೆ ಮೂರು.

ಕೊನೆಯದು ಉಳಿದವುಗಳಿಗಿಂತ ಬಿಳಿ.

ಬೆರಳು ತಾಗಿಸಿದಳು. ಪುಡಿ ಮೆತ್ತಿಕೊಂಡಿತು. ಅದರ ಹಿಂದಿನದನ್ನು ಮುಟ್ಟಿದಳು. ಅದು ಗೋಡೆಗೆ ಕಚ್ಚಿಕೊಂಡು, ಹೊಗೆ ಹಿಡಿದು, ಏನೂ ಬಿಡಲಿಲ್ಲ.

"ಹೊನ್ನಮ್ಮ, ಈ ಕೊನೆಯ ಗೀಟು ಯಾವಾಗ ಹಾಕಿದ್ದು?"

"ಇವತ್ತಿಂದೇ ಅಕ್ಕೋರೆ. ಮಿಷನ್ನ ತಂದಿಟ್ಟ ಕೂಡ್ಲೆ ಹಾಕ್ದೆ. ನೀವು ಬರೂಕೆ ಸ್ವಲ್ಪ ಮುಂಚೆ."

ದಮಯಂತಿಯ ಕಡತ ಮಾರ್ಚ್ ಐದಕ್ಕೆ ಮುಗಿದಿತ್ತು. ಅದರಲ್ಲಿ ಇವತ್ತು ಇಲ್ಲ.

ಹಾಗಾದರೆ ಹೊನ್ನುವಿನ ಗೀಟು ಇಪ್ಪತ್ತೆರಡು. ಸೆನ್ಸರಿನ ತಗ್ಗು ಇಪ್ಪತ್ತಮೂರು. ಎರಡು ಸಲ ಎಣಿಸಿದ್ದಳು. ಎಣಿಕೆ ಎಲ್ಲಿಗೆ ಮುಗಿಯಬೇಕೆಂದು ಒಂದು ಸಲವೂ ಕೇಳಿಕೊಂಡಿರಲಿಲ್ಲ. ಸಹಿ ಹಾಕಿ ಒಂದು ತಾಸಿನ ಮೇಲಾಗಿತ್ತು.

ಫೋನು ಮಿಡಿಯಿತು. ಮಾರಿತ್ ಕಳಿಸಿದ ಮೂಲ ಕಡತ. ಉಪ್ಪಿನ ಪಕ್ಕದಲ್ಲಿ ಇನ್ನೊಂದು ಕಾಲಂ: ನೀರಿನ ಉಷ್ಣತೆ.

ಅವಳು ಬೆಳಕಿಗೆ ತಿರುಗಿ ಒಂದೊಂದೇ ತಗ್ಗು ನೋಡುತ್ತ ಹೋದಳು. ಜನವರಿಯ ಹುಣ್ಣಿಮೆ: ಉಪ್ಪು 0.4, ಉಷ್ಣತೆ ಇಪ್ಪತ್ತಾರು. ಅಮಾವಾಸ್ಯೆ: 0.4, ಇಪ್ಪತ್ತಾರು. ಫೆಬ್ರವರಿಯ ಹುಣ್ಣಿಮೆ: 0.4, ಇಪ್ಪತ್ತೇಳು. ನೆರಳಲ್ಲಿಟ್ಟ ತಾಮ್ರದ ಕೊಡದ ನೀರು ಅಷ್ಟೇ ಇರಬೇಕು.

ಆಮೇಲೆ ಫೆಬ್ರವರಿ 20, ಗುರುವಾರ. ಅವಳು ಕಿಟಕಿಗೆ ಹಿಡಿಸಿದ ಎರಡು ಹಾಳೆಗಳ ನಡುವೆ ಉಳಿದುಹೋದ ವಾರ. ಅಷ್ಟಮಿ. ಬಲೆ ಇಲ್ಲ. ಹೊನ್ನು ತೋಡೂರಿನಲ್ಲಿ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು. ಮಾರಿತ್ ಮೊದಲ ದೂರು ಬರೆದದ್ದು ಮರುದಿನವೇ.

ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಸೆನ್ಸರು ನೀರಿನಿಂದ ಹೊರಬಂದಿತ್ತು. ಒಂದು ತಾಸಿಗೂ ಹೆಚ್ಚು ಒಣ ಗಾಳಿಯಲ್ಲಿ ಪ್ರಯಾಣ ಮಾಡಿತ್ತು. ಭಾವಿಕೇರಿಯಿಂದ ಕಾರವಾರಕ್ಕೆ ಹಿಡಿಯುವಷ್ಟು ಹೊತ್ತು. ಹನ್ನೊಂದೂವರೆಗೆ ಮತ್ತೆ ನೀರಿಗಿಳಿದಿತ್ತು. ಗಜನಿಯ ನೀರಲ್ಲ, ಹೊನ್ನುವಿನ ಬಾವಿಯ ನೀರೂ ಅಲ್ಲ.

"ಮೇಡಂ, ಎಲ್ಲ ಸರಿ ಇದೆಯಲ್ಲ?" ಸಂಕೇತ ಹಿಂದೆ ಬಂದು ನಿಂತಿದ್ದ. ಮುಖದಲ್ಲಿ ಇನ್ನೂ ಆ ನಗು. ಹೊರಡುವ ತಯಾರಿಯಲ್ಲಿ, ಫ್ರಿಜ್ಜಿನ ಕೀಲಿಯೂ ಇದ್ದ ಆ ಗೊಂಚಲನ್ನು ಕೈಗೆ ತೆಗೆದುಕೊಂಡಿದ್ದ, ಹಿತ್ತಾಳೆಯ ಏಡಿ ಬೆರಳಿನಿಂದ ತೂಗುತ್ತಿತ್ತು.

ದಮಯಂತಿ ಆ ಸಾಲನ್ನು ಬೆರಳಿನಿಂದ ಒತ್ತಿ ಹಿಡಿದು ಮತ್ತೊಮ್ಮೆ ಓದಿದಳು.

ಉಪ್ಪು, ಲೀಟರಿಗೆ 0.0 ಗ್ರಾಂ. ಉಷ್ಣತೆ, 4.1 ಡಿಗ್ರಿ ಸೆಲ್ಸಿಯಸ್.